ಸೌಟು ಗಂಡನ ಕೈಲಿ, ಎಲೆ ಹೆಂಡತಿ ಮುಂದೆ

ಬಡಿಸುವವ ನಮ್ಮವನಾದರೆ ಪಂಕ್ತಿಯ ಕಡೇಲಿ ಕೂತರೂ ಚಿಂತೆಯಿಲ್ಲ ಅನ್ನೋದು ಹಳೇ ಮಾತು. ಈಗಿನ ಪುರಪಿತೃಗಳ ಪೈಕಿ ಕೆಲವರಿಗೆ ಅಷ್ಟು ದೂರದ ನಂಟೂ ಬೇಕಿಲ್ಲ.

ಬೆಳಗಾವಿಯ ತಿನಿಸು ಕಟ್ಟೆ ಪ್ರಕರಣವನ್ನೇ ನೋಡಿ. ಅಲ್ಲಿಯ ಮಳಿಗೆಗಳು ಮಹಾನಗರ ಪಾಲಿಕೆಯ ಇಬ್ಬರು ಸದಸ್ಯರ ಪತ್ನಿಯರ ಹೆಸರಿನಲ್ಲಿವೆ ಎಂದು ದೂರು ಹೋಯಿತು. 2025ರ ಫೆಬ್ರವರಿಯಲ್ಲಿ ಪ್ರಾದೇಶಿಕ ಆಯುಕ್ತರು ಇಬ್ಬರ ಸದಸ್ಯತ್ವವನ್ನೂ ರದ್ದು ಮಾಡಿದರು. ಆಮೇಲೆ ಇದ್ದದ್ದೇ, ಹೈಕೋರ್ಟು, ಸರ್ಕಾರಕ್ಕೆ ಮೇಲ್ಮನವಿ. ಸೋಜಿಗ ಏನಪ್ಪಾ ಅಂದ್ರೆ ಆ ಇಬ್ಬರಲ್ಲಿ ಒಬ್ಬರು ಮರು ತಿಂಗಳೇ ಮೇಯರ್ ಕುರ್ಚಿಯಲ್ಲಿ ಕೂತರು!

ಕಾನೂನೇನು ಹೊಸದಲ್ಲ. ಪುರಸಭೆಗಳಿಗೆ 1964ರ ಕಾಯ್ದೆ, ಪಾಲಿಕೆಗಳಿಗೆ 1976ರ ಕಾಯ್ದೆ, ಪಂಚಾಯತಿಗಳಿಗೆ 1993ರ ಕಾಯ್ದೆ. ಮೂರರ ಮಾತೂ ಒಂದೇ: ತಾನು ಸದಸ್ಯನಾಗಿರುವ ಸಂಸ್ಥೆಯ ಕೆಲಸದಲ್ಲಿ, ಗುತ್ತಿಗೆಯಲ್ಲಿ ನೇರವಾಗಿಯೋ ಬಳಸುದಾರಿಯಲ್ಲೋ ಪಾಲು ಇಟ್ಟುಕೊಂಡವನು ಸದಸ್ಯನಾಗಿರಲು ಅನರ್ಹ. ಪಾಲಿಕೆ ಸದಸ್ಯರು ವರ್ಷಾವರ್ಷ ತಮ್ಮದಷ್ಟೇ ಅಲ್ಲ, ಮನೆಯವರ ಆಸ್ತಿ ವಿವರವನ್ನೂ ಮೇಯರ್‌ಗೆ ಕೊಡಬೇಕು. ಮೇಯರ್ ಸಾಹೇಬರದ್ದನ್ನು ಯಾರು ನೋಡಬೇಕೋ!

'ಹೆಂಡತಿ ವ್ಯವಹಾರ ಬೇರೆ, ನಂದು ಬೇರೆ' ಎಂಬ ವಾದ ಎಲ್ಲ ಊರಲ್ಲೂ ಕೇಳಿಬರುತ್ತದೆ. ಸರಿ, ಒಪ್ಪೋಣ. ನಾಳೆ ಸಭೆಗೆ ಮಳಿಗೆ ಬಾಡಿಗೆ ಏರಿಸುವ ವಿಷಯ ಬಂತು. ಬಾಕಿದಾರರಿಗೆ ಬೀಗ ಹಾಕುವ ವಿಷಯ ಬಂತು. ಕೈ ಎತ್ತುವಾಗ ಈ ಮಹಾಶಯರು ಊರಿನ ಕಡೆ ನೋಡ್ತಾರೋ, ಮನೆ ಕಡೆ ನೋಡ್ತಾರೋ? ಪಕ್ಕದ ಮಳಿಗೆಯವ ಒಂದು ತಿಂಗಳು ಬಾಡಿಗೆ ತಡ ಮಾಡಿದರೆ ನೋಟೀಸು; ಸದಸ್ಯರ ಮನೆಯವರ ಮಳಿಗೆಗೆ ನೋಟೀಸು ಅಂಟಿಸುವ ಧೈರ್ಯ ಯಾವ ಬಿಲ್ ಕಲೆಕ್ಟರಿಗಿದೆ? ಅವನ ವರ್ಗಾವಣೆಗೆ ಚೀಟಿ ಬರೆಯಿಸುವವರೂ ಇವರೇ ಅಲ್ಲವೇ.

ಮಳಿಗೆ ಕಣ್ಣಿಗೆ ಕಾಣುತ್ತದೆ, ಬೋರ್ಡು ಇರುತ್ತದೆ. ರಸ್ತೆ ಗುತ್ತಿಗೆ ಹಾಗಲ್ಲ. ಲೈಸೆನ್ಸು ಒಬ್ಬನದು, ದುಡ್ಡು ಇನ್ನೊಬ್ಬನದು, ಬಿಲ್ಲು ಪಾಸಾಗುವ ದಿನ ಆಫೀಸಿನಲ್ಲಿ ಕಾಣುವವನು ಸದಸ್ಯರ ಭಾವಮೈದ. ಮಳೆಗೆ ಡಾಂಬರು ಕಿತ್ತುಹೋಗಿ ಬಸ್ಸಿನಲ್ಲಿ ಕೂತವರ ಸೊಂಟ ಉಳುಕಿದಾಗ ಹೊಣೆ ಕೇಳಲು ಹೆಸರೇ ಸಿಗುವುದಿಲ್ಲ.

ಪಂಚಾಯತಿ ಕಾಯ್ದೆಯಲ್ಲಿ ಒಂದು ಒಳ್ಳೇ ಕಟ್ಟಳೆ ಇದೆ. ತನಗೆ ಹಣದ ಲಾಭ ಇರುವ ವಿಷಯ ಚರ್ಚೆಗೆ ಬಂದರೆ ಸದಸ್ಯ ಮಾತಾಡಕೂಡದು, ಮತ ಹಾಕಕೂಡದು. ಎಷ್ಟು ಊರಲ್ಲಿ 'ಇದರಲ್ಲಿ ನಂದೂ ಇದೆ, ನಾನು ಹೊರಗಿರ್ತೀನಿ' ಅಂತ ಎದ್ದು ಹೋದವರುಂಟು?

ಆಯುಕ್ತರು, ಮುಖ್ಯಾಧಿಕಾರಿಗಳು ಮನಸ್ಸು ಮಾಡಿದರೆ ಒಂದು ಕೆಲಸ ಸುಲಭ. ಸಂತೆಕಟ್ಟೆಯಿಂದ ಬಸ್ ಸ್ಟ್ಯಾಂಡ್ ಮಳಿಗೆವರೆಗೆ ಯಾವ ನಂಬರು ಯಾರ ಹೆಸರಲ್ಲಿದೆ, ಬಾಡಿಗೆ ಎಷ್ಟು, ಬಾಕಿ ಎಷ್ಟು ಎಂದು ಬರೆದು ಕಚೇರಿ ಬಾಗಿಲಿಗೆ ತೂಗುಹಾಕಲಿ. ಹಾಕದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಅರ್ಜಿಗೆ ಹತ್ತು ರೂಪಾಯಿ. ನಾಲ್ಕು ಜನ ಅಂಗಡಿಯವರು ಕೂಡಿದರೆ ತಲಾ ಎರಡೂವರೆ.