ಹಾಲಿಗೆ ಟೆಸ್ಟ್ ಇದೆ, ನಮ್ಮ ಬಿಪಿಗೆ ಯಾಕಿಲ್ಲ? ಉಪ್ಪಿನ ಲೆಕ್ಕ ಹಾಕೋಣ ಬನ್ನಿ

ಇಲ್ಲಿ ವಾರ ವಾರ ಮಣ್ಣು, ಗೊಬ್ಬರ, ರೋಗ, ಮಾರುಕಟ್ಟೆ ಬಗ್ಗೆ ಓದ್ತಾ ಇದ್ದೀರಿ. ಈ ವಾರ ನಾನು ಉಪ್ಪಿನ ಬಗ್ಗೆ ಬರೀತಾ ಇದ್ದೀನಿ. ತುಂಗಭದ್ರಾ ಅಚ್ಚುಕಟ್ಟಿನ ಚೌಳು ಭೂಮಿಯ ಉಪ್ಪಲ್ಲ, ನಮ್ಮ ಅಡುಗೆಮನೆ ಡಬ್ಬದ ಉಪ್ಪು. ಇದಕ್ಕೂ ಕೃಷಿಗೂ ಏನ್ರೀ ಸಂಬಂಧ ಅಂತ ಕೇಳಬಹುದು. ದುಡಿಯೋ ಮನುಷ್ಯನೇ ಬಿದ್ದರೆ ಬೆಳೆ ಯಾರು ನೋಡ್ತಾರೆ? ಸಂಬಂಧ ಅಷ್ಟೇ.

2025ರ ಜೂನ್‌-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಿದ್ದು ನೆನಪಿರಬಹುದು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗ್ಗೆಯೇ ಕ್ಯೂ ನಿಂತಿತ್ತು. ವಾಟ್ಸಾಪಲ್ಲಿ ದಿನಕ್ಕೊಂದು ಕಾರಣ ಹರಿದಾಡ್ತಿತ್ತು. ಆಮೇಲೆ ಸುದ್ದಿ ತಣ್ಣಗಾಯ್ತು, ಭಯವೂ ತಣ್ಣಗಾಯ್ತು. ಭಯ ಬಿದ್ದಾಗ ದೊಡ್ಡಾಸ್ಪತ್ರೆಗೆ ಓಡೋದು ತಪ್ಪು ಅಂತ ನಾನು ಹೇಳಲ್ಲ. ಆದರೆ ಹೃದಯದ ಕಾಯಿಲೆ ತಡೆಯೋ ಕೆಲಸ ಶುರುವಾಗಬೇಕಾದ್ದು ಅಲ್ಲಿಂದಲ್ಲ, ನಮ್ಮ ತಟ್ಟೆಯಿಂದ ಮತ್ತು ನಮ್ಮೂರ ಡೇರಿ ಕಟ್ಟೆಯಿಂದ ಅನ್ನೋದು ನನ್ನ ವಾದ.

ಪೈಪಿನ ಪ್ರೆಶರ್ ಗೊತ್ತಿದ್ದವರಿಗೆ ಬಿಪಿ ಗೊತ್ತಾಗುತ್ತೆ

ಡ್ರಿಪ್ ಹಾಕಿರೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಮೇನ್ ಲೈನಲ್ಲಿ ಪ್ರೆಶರ್ ಜಾಸ್ತಿ ಆದರೆ ಜಾಯಿಂಟ್ ಬಿಚ್ಚುತ್ತೆ, ಲ್ಯಾಟರಲ್ ಹರಿಯುತ್ತೆ, ಮೋಟರ್ ಮೇಲೂ ಹೊರೆ. ಅದಕ್ಕೇ ಗೇಜ್ ಹಾಕಿಸ್ತೀವಿ. ಮೈಯಲ್ಲೂ ಅದೇ ಕತೆ. ಉಪ್ಪಿನಲ್ಲಿರೋ ಸೋಡಿಯಂ ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ರಕ್ತನಾಳದಲ್ಲಿ ಹರಿಯೋ ರಕ್ತದ ಪ್ರಮಾಣ ಹೆಚ್ಚುತ್ತೆ, ನಾಳದ ಗೋಡೆ ಮೇಲೆ ಒತ್ತಡ ಬೀಳುತ್ತೆ. ವರ್ಷಗಟ್ಟಲೆ ಹೀಗೇ ನಡೆದರೆ ನಾಳ ಗಡುಸಾಗುತ್ತೆ, ಹೃದಯದ ಗೋಡೆ ದಪ್ಪಗಾಗುತ್ತೆ. ಕೊನೆಗೆ ಹೃದಯಾಘಾತ, ಪಾರ್ಶ್ವವಾಯು, ಇಲ್ಲಾ ಕಿಡ್ನಿ ತೊಂದರೆ.

ಪೈಪ್ ಒಡೆದರೆ ನೀರು ಚಿಮ್ಮೋದು ಕಣ್ಣಿಗೆ ಕಾಣುತ್ತೆ. ಬಿಪಿ ಹಾಗಲ್ಲ. ಬಹಳ ಜನರಿಗೆ ತಲೆನೋವೂ ಬರಲ್ಲ, ಸುಸ್ತೂ ಆಗಲ್ಲ. ಅಳೆದು ನೋಡಿದರೆ ಮಾತ್ರ ಗೊತ್ತಾಗೋದು. ಐಸಿಎಂಆರ್ ನಡೆಸಿದ ರಾಷ್ಟ್ರಮಟ್ಟದ ಅಧ್ಯಯನದ ವರದಿ 2023ರಲ್ಲಿ ಬಂತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 35.5ರಷ್ಟು ಜನಕ್ಕೆ ಅಧಿಕ ರಕ್ತದೊತ್ತಡ ಇದೆ. ಅಂದರೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತ ಮೂವರಲ್ಲಿ ಒಬ್ಬರಿಗೆ.

ಒಂದು ಪ್ಯಾಕೆಟ್ ಎಷ್ಟು ದಿನ ಬರುತ್ತೆ?

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಸುಮಾರು ಒಂದು ಟೀ ಚಮಚ, ಅದೂ ಸಾರು, ಪಲ್ಯ, ಉಪ್ಪಿನಕಾಯಿ, ಬೇಕರಿ ತಿಂಡಿ ಎಲ್ಲಾ ಸೇರಿ. ನಾವು ಭಾರತೀಯರು ಸರಾಸರಿ ದಿನಕ್ಕೆ ಸುಮಾರು 8 ಗ್ರಾಂ ತಿಂತೀವಿ ಅಂತ ರಾಷ್ಟ್ರೀಯ ಸಮೀಕ್ಷೆಯೊಂದು ಅಂದಾಜು ಮಾಡಿದೆ.

ಗ್ರಾಂ ಲೆಕ್ಕ ಅಡುಗೆಮನೆಯಲ್ಲಿ ನಡೆಯಲ್ಲ, ಕಿಲೋ ಲೆಕ್ಕ ನಡೆಯುತ್ತೆ. ಮನೆಯಲ್ಲಿ ಐದು ಜನ ದೊಡ್ಡವರು ಅಂದುಕೊಳ್ಳಿ. ಐದು ಜನ, ಐದು ಗ್ರಾಂ, ಮೂವತ್ತು ದಿನ: 750 ಗ್ರಾಂ. ಅಂದರೆ ಒಂದು ಕೆಜಿ ಪ್ಯಾಕೆಟ್ 40 ದಿನ ಬರಬೇಕು. 8 ಗ್ರಾಂ ತಿಂದರೆ 25 ದಿನಕ್ಕೇ ಖಾಲಿ. ಈಗ ನಿಮ್ಮ ಮನೆ ಪ್ಯಾಕೆಟ್ ಎಷ್ಟು ದಿನ ಬರ್ತಿದೆ? ಗೊತ್ತಿಲ್ಲದಿದ್ದರೆ ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಖು ಬರೆಯಿರಿ. ಉಪ್ಪಿನಕಾಯಿ ಹಾಕೋದಕ್ಕೆ, ದನಕ್ಕೆ ಕೊಡೋದಕ್ಕೆ ತೆಗೆದದ್ದನ್ನ ಬೇರೆ ಇಡಿ. ಇದು ಕರಾರುವಾಕ್ ಲೆಕ್ಕ ಅಲ್ಲ, ಆದರೆ ಮನೆ ಯಾವ ದಿಕ್ಕಿಗೆ ಹೋಗ್ತಿದೆ ಅಂತ ತಿಳಿಯೋಕೆ ಸಾಕು. ಫೋನಲ್ಲಿ ಹಾಲಿನ ಲೆಕ್ಕ, ಕೂಲಿ ಲೆಕ್ಕ ಇಡೋ ನಮಗೆ ಇದೊಂದು ಸಾಲು ಭಾರವಲ್ಲ.

ಅಂಗಡಿ ಪೊಟ್ಟಣದ ಉಪ್ಪು ಈ ಲೆಕ್ಕಕ್ಕೆ ಬರಲ್ಲ ಅನ್ನೋದೂ ನೆನಪಿರಲಿ. ಚಿಪ್ಸ್, ಮಿಕ್ಸ್ಚರ್, ನೂಡಲ್ಸ್ ಪೊಟ್ಟಣದ ಹಿಂಭಾಗ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಬರೆದಿರ್ತಾರೆ. ಅದನ್ನ ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಅಂತ ಸಿಗುತ್ತೆ. 100 ಗ್ರಾಂ ತಿಂಡಿಯಲ್ಲಿ 800 ಮಿಲಿಗ್ರಾಂ ಸೋಡಿಯಂ ಇದ್ದರೆ 2 ಗ್ರಾಂ ಉಪ್ಪು. ಔಷಧಿ ಬಾಟಲಿ ಲೇಬಲ್ ಓದಿ ಸಿಂಪಡಿಸೋ ನಾವು, ಬಾಯಿಗೆ ಹಾಕೋದರ ಲೇಬಲ್ ಓದಲ್ಲ ಅಂದ್ರೆ ಹೇಗೆ?

"ನಾವು ಬೆವರು ಸುರಿಸ್ತೀವಿ ಸ್ವಾಮಿ"

ಊರಲ್ಲಿ ಉಪ್ಪಿನ ಮಾತೆತ್ತಿದರೆ ಮೊದಲು ಬರೋ ಉತ್ತರ ಇದೇ. ಇದನ್ನ ತಳ್ಳಿಹಾಕೋ ಹಾಗಿಲ್ಲ. ಬೆವರಲ್ಲಿ ಉಪ್ಪು ಹೋಗೋದು ನಿಜ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಇಡೀ ದಿನ ದುಡಿಯೋರಿಗೆ ನೀರು, ನೆರಳು, ಮಜ್ಜಿಗೆ ಬೇಕೇ ಬೇಕು. ವಾಂತಿ-ಭೇದಿ ಆದರೆ ಓಆರ್‌ಎಸ್ ಬೇಕು. ಆದರೆ ನಮ್ಮ ದಿನದ ಊಟದಲ್ಲೇ ಬೇಕಾದ್ದಕ್ಕಿಂತ ಜಾಸ್ತಿ ಉಪ್ಪು ಇರೋದರಿಂದ, ಬೆವರಿನ ಹೆಸರಲ್ಲಿ ವರ್ಷವಿಡೀ ಮೇಲುಪ್ಪು ಹಾಕಿಕೊಳ್ಳೋದಕ್ಕೆ ಕಾರಣ ಉಳಿಯಲ್ಲ.

ಇನ್ನೊಂದು ಮಾತು. ನಮ್ಮ ಕೆಲಸವೂ ಬದಲಾಗಿದೆ. ನೇಗಿಲ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ರಾತ್ರಿ ನೀರು ಹಾಯಿಸೋಕೆ ಓಡ್ತಿದ್ದವರು ಈಗ ಮಲಗಿದಲ್ಲಿಂದಲೇ ಫೋನಲ್ಲಿ ಮೋಟರ್ ಆನ್ ಮಾಡ್ತಾರೆ. ಬೆವರು ಕಡಿಮೆ ಆಯ್ತು, ಉಪ್ಪು ಕಡಿಮೆ ಆಗಲಿಲ್ಲ. ಮೇಲೆ ಬೇಕರಿ ಬೇರೆ ಸೇರಿಕೊಳ್ತು.

ಅಡುಗೆ ಮಾಡೋರ ಮೇಲೆ ರೇಗಬೇಡಿ

ಉಪ್ಪು ಕಡಿಮೆ ಮಾಡು ಅಂತ ಅಮ್ಮನಿಗೋ ಹೆಂಡತಿಗೋ ಆರ್ಡರ್ ಮಾಡಿ ಎದ್ದು ಹೋಗೋದು ಸುಲಭ. ಮಾರನೇ ದಿನ ಸಾರು ಸಪ್ಪೆ ಅಂತ ಮುಖ ಸಿಂಡರಿಸೋರೂ ನಾವೇ. ಹಾಗಾಗಿ ಮೊದಲು ನಮ್ಮ ತಟ್ಟೆಯಿಂದ ಶುರು ಮಾಡೋಣ. ತಟ್ಟೆ ಅಂಚಿನ ಉಪ್ಪು, ಮಜ್ಜಿಗೆಗೆ ಹಾಕೋ ಉಪ್ಪು, ಸೌತೆಕಾಯಿ-ಮಾವಿನಕಾಯಿಗೆ ಉದುರಿಸೋ ಉಪ್ಪು, ಇವಿಷ್ಟನ್ನ ಬಿಡೋಕೆ ಯಾರ ಅಪ್ಪಣೆಯೂ ಬೇಡ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಕರಾವಳಿಯ ಒಣಮೀನು ದಿನಾ ಮೂರು ಹೊತ್ತು ಬೇಡ, ಯಾವಾಗಲಾದರೊಮ್ಮೆ ಇರಲಿ.

ಸಾರಿನ ಉಪ್ಪನ್ನ ಒಂದೇ ಸಲ ಅರ್ಧಕ್ಕೆ ಇಳಿಸಿದರೆ ಯಾರೂ ಉಣ್ಣಲ್ಲ. ಸ್ವಲ್ಪ ಸ್ವಲ್ಪ ಇಳಿಸುತ್ತಾ ಬನ್ನಿ, ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತೆ. ಹುಣಸೆ, ನಿಂಬೆ, ಬೆಳ್ಳುಳ್ಳಿ, ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಸ್ವಲ್ಪ ಮುಂದೆ ಬಂದರೆ ಉಪ್ಪು ಹಿಂದೆ ಸರಿದಿದ್ದು ಗೊತ್ತಾಗಲ್ಲ. ಇನ್ನೊಂದು ಅನುಕೂಲ ನಮ್ಮ ಊಟದಲ್ಲೇ ಇದೆ. ರಾಗಿ ಮುದ್ದೆಗೆ, ಜೋಳದ ರೊಟ್ಟಿಗೆ ಬಹಳ ಮನೆಗಳಲ್ಲಿ ಉಪ್ಪೇ ಹಾಕಲ್ಲ. ಉಪ್ಪು ಇರೋದು ಸಾರು, ಹಿಂಡಿ, ಚಟ್ನಿಯಲ್ಲಿ. ಕೈ ಹಿಡಿಯಬೇಕಾದ್ದು ಅಲ್ಲಿ ಮಾತ್ರ.

ಚೀನಾದ 600 ಹಳ್ಳಿಗಳು ಹೇಳಿದ್ದು

ಪೊಟ್ಯಾಷ್ ಅಂದರೆ ನಮಗೆ ಎಂಒಪಿ ಚೀಲ ನೆನಪಾಗುತ್ತೆ. ಅದರಲ್ಲಿರೋ ಪೊಟ್ಯಾಸಿಯಂ ಕ್ಲೋರೈಡ್‌ಗೂ ರಕ್ತದೊತ್ತಡಕ್ಕೂ ಸಂಬಂಧ ಇದೆ. ಸೋಡಿಯಂ ಬಿಪಿ ಏರಿಸಿದರೆ ಪೊಟ್ಯಾಸಿಯಂ ಇಳಿಸೋಕೆ ನೆರವಾಗುತ್ತೆ. ಗ್ರಾಮೀಣ ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಐದು ವರ್ಷದ ಹತ್ತಿರ ಒಂದು ಪ್ರಯೋಗ ನಡೆಯಿತು. ಹಿಂದೆ ಪಾರ್ಶ್ವವಾಯು ಆಗಿದ್ದವರು, ಇಲ್ಲವೇ 60 ದಾಟಿ ಬಿಪಿ ಇದ್ದವರು ಅದರಲ್ಲಿದ್ದರು. ಅರ್ಧ ಹಳ್ಳಿಗಳಿಗೆ ಮುಕ್ಕಾಲು ಪಾಲು ಮಾಮೂಲಿ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರೋ ಉಪ್ಪು ಕೊಟ್ಟರು. 2021ರಲ್ಲಿ ಫಲಿತಾಂಶ ಬಂತು: ಮಾಮೂಲಿ ಉಪ್ಪು ತಿಂದ ಹಳ್ಳಿಗಳಿಗೆ ಹೋಲಿಸಿದರೆ ಪಾರ್ಶ್ವವಾಯು ಶೇ. 14ರಷ್ಟು, ಸಾವು ಶೇ. 12ರಷ್ಟು ಕಡಿಮೆ. ಬದಲಾಗಿದ್ದು ಉಪ್ಪಿನ ಪೊಟ್ಟಣ ಮಾತ್ರ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಕಡಿಮೆ ಸೋಡಿಯಂ ಉಪ್ಪಿನ ಪರವಾಗಿ ಮಾರ್ಗಸೂಚಿ ಕೊಟ್ಟಿತು.

ಎಚ್ಚರಿಕೆ ಮೂರು. ಒಂದು, ಕಿಡ್ನಿ ತೊಂದರೆ ಇರೋರಿಗೆ ಈ ಉಪ್ಪು ಅಪಾಯ, ಅವರ ಮೈಯಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಹದ ತಪ್ಪಬಹುದು. ಗರ್ಭಿಣಿಯರು, ಮಕ್ಕಳು ಆ ಮಾರ್ಗಸೂಚಿಯಲ್ಲಿ ಸೇರಿಲ್ಲ. ಬಿಪಿಯ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಹಾಗಾಗಿ ಡಾಕ್ಟರನ್ನ ಕೇಳಿಯೇ ಬದಲಾಯಿಸಿ. ಎರಡು, ಅಡುಗೆಗೆ ಅಂತಲೇ ತಯಾರಿಸಿದ ಪೊಟ್ಟಣ ಮಾತ್ರ. ಗೊಬ್ಬರದ ಪೊಟ್ಯಾಷ್ ಯಾವ ಕಾರಣಕ್ಕೂ ಅಡುಗೆಮನೆ ಬಾಗಿಲು ದಾಟಬಾರದು. ಮೂರು, ಯಾವ ಉಪ್ಪಾದರೂ ಅಯೋಡಿನ್ ಇರಲಿ. ಗುಲಾಬಿ ಉಪ್ಪು, ಸೈಂಧವ ಲವಣ ತಿಂದರೆ ಬಿಪಿ ಬರಲ್ಲ ಅನ್ನೋ ಫಾರ್ವರ್ಡ್ ನಂಬಬೇಡಿ, ಅದೂ ಹೆಚ್ಚೂಕಡಿಮೆ ಸೋಡಿಯಂ ಕ್ಲೋರೈಡೇ.

ಡೇರಿ ಕಟ್ಟೆಯಲ್ಲೊಂದು ಬಿಪಿ ಮಿಷನ್

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಹೃದಯಾಘಾತ ಆದಮೇಲಿನ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಸುಧಾರಿಸ್ತಾ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ರಕ್ತದ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡೋ ಏರ್ಪಾಡಿದೆ. ಎದೆ ಹಿಂಡಿದಂತಾಗಿ, ಬೆವರಿ, ನೋವು ಕೈಗೆ ಅಥವಾ ದವಡೆಗೆ ಹರಡಿದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರದೆ 108ಕ್ಕೆ ಫೋನ್ ಮಾಡಿ. ಇದು ಆದಮೇಲಿನ ಮಾತು.

ಆಗೋ ಮೊದಲಿನ ಮಾತು ನಮ್ಮ ಕೈಲಿದೆ. ಹಳ್ಳಿ ಡೇರಿಗೆ ದಿನಕ್ಕೆರಡು ಸಲ ಊರೆಲ್ಲಾ ಬರುತ್ತೆ. ಅಲ್ಲಿ ಹಾಲಿಗೆ ಫ್ಯಾಟ್ ನೋಡ್ತೀವಿ, ಎಸ್‌ಎನ್‌ಎಫ್ ನೋಡ್ತೀವಿ, ಒಂದು ಪಾಯಿಂಟ್ ಕಮ್ಮಿ ಬಂದರೆ ಜಗಳ ಆಡ್ತೀವಿ. ಹಾಲು ಕರೆದು ತಂದವರ ಬಿಪಿ ಯಾರೂ ನೋಡಲ್ಲ. ತೋಳಿಗೆ ಕಟ್ಟೋ ಡಿಜಿಟಲ್ ಬಿಪಿ ಮಿಷನ್ ಎರಡು ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತೆ. ಸಂಘದ ಮುಂದಿನ ಸಭೆಯಲ್ಲಿ ಇದನ್ನ ಕೇಳೋಣ. ಸಂಘ ಒಪ್ಪದಿದ್ದರೆ ಹತ್ತು ಜನ ಯುವಕರು ಇನ್ನೂರು ಇನ್ನೂರು ಹಾಕಿದರೆ ಬಂತು. ವಾರಕ್ಕೊಂದು ದಿನ, ಹಾಲು ಹಾಕಿ ಬಂದವರನ್ನ ಐದು ನಿಮಿಷ ಸುಮ್ಮನೆ ಕೂರಿಸಿ ಅಳೆಯೋದು. ಟೀ, ಬೀಡಿ ಆದ ತಕ್ಷಣ ಬೇಡ. ಆಶಾ ಕಾರ್ಯಕರ್ತೆಯನ್ನ ಜೊತೆಗೆ ಕರೆದುಕೊಳ್ಳಿ, ಅಳೆಯೋ ಕ್ರಮ ಅವರಿಂದ ಕಲಿಯಿರಿ.

ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟಿದವರನ್ನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. 30 ದಾಟಿದವರಿಗೆ ಅಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ, ಬಿಪಿ ಮಾತ್ರೆಯೂ ಉಚಿತ. ಮಾತ್ರೆ ತಗೊಳ್ತಿರೋರು ಉಪ್ಪು ಬಿಟ್ಟೆ ಅಂತ ಮಾತ್ರೆ ಬಿಡಬಾರದು. ಬೀಡಿ, ಗುಟ್ಕಾ ಬಿಡದೆ ಉಪ್ಪು ಮಾತ್ರ ಬಿಟ್ಟರೂ ಹೃದಯಕ್ಕೆ ಅರ್ಧ ಉಪಕಾರವೇ.

ಸರ್ಕಾರಕ್ಕೂ ಒಂದು ಮಾತಿದೆ. ಕಡಿಮೆ ಸೋಡಿಯಂ ಉಪ್ಪು ಮಾಮೂಲಿ ಉಪ್ಪಿಗಿಂತ ದುಬಾರಿ, ಹಳ್ಳಿ ಅಂಗಡಿಗೆ ಬರೋದೂ ಅಪರೂಪ. ಅಂಥ ಪೊಟ್ಟಣದ ಮೇಲೆ ಕಿಡ್ನಿ ರೋಗಿಗಳಿಗೆ ಬೇಡ ಅನ್ನೋ ಎಚ್ಚರಿಕೆಯನ್ನ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿ, ನ್ಯಾಯಬೆಲೆ ಅಂಗಡಿಯಲ್ಲಿ ಮಾಮೂಲಿ ಉಪ್ಪಿನ ಬೆಲೆಗೇ ಸಿಗೋ ಹಾಗೆ ಮಾಡಬೇಕು. ಸ್ಟೆಂಟ್ ಹಾಕಿಸೋ ಖರ್ಚಿನ ಮುಂದೆ ಇದು ಚಿಲ್ಲರೆ ಹಣ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತ ಗಾದೆ. ನಮ್ಮ ಕಾಲದಲ್ಲಿ ಅದು ನೀರಿಗೆ ನಿಲ್ತಿಲ್ಲ, ಆಸ್ಪತ್ರೆ ಬಿಲ್ಲಿನವರೆಗೂ ಹೋಗ್ತಿದೆ. ಹಾಗಾಗಿ ಈ ವಾರ ಎರಡೇ ಕೆಲಸ ಮಾಡಿ: ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ, ಡೇರಿ ಕಾರ್ಯದರ್ಶಿ ಹತ್ರ ಬಿಪಿ ಮಿಷನ್ ಮಾತೆತ್ತಿ. ಪ್ಯಾಕೆಟ್ ಖಾಲಿಯಾದ ದಿನ ನಿಮ್ಮ ಲೆಕ್ಕ ಎಷ್ಟಕ್ಕೆ ಬಂತು ಅಂತ ಮನೆಯವರ ಜೊತೆ ಕೂತು ನೋಡಿ.