ನಿಂತ ಕಾಲಿನ ವಿದ್ಯೆ

ಕೊರಿಯಾದ ಟೇಕ್ವಾಂಡೋ ಕಲೆಯಲ್ಲಿ ಮೊದಮೊದಲು ಕಲಿಸುವ ಒದೆತಗಳಲ್ಲೊಂದು ‘ಆಪ್ ಚಾಗಿ’, ಅಂದರೆ ಮುಂದೊದೆತ. ಮೊಣಕಾಲನ್ನು ಮೇಲೆತ್ತುವುದು, ಬೆರಳುಗಳನ್ನು ಹಿಂದಕ್ಕೆ ಸೆಳೆದು ಅಂಗಾಲಿನ ಮುಂಭಾಗದಿಂದ ಒದೆಯುವುದು, ಕೂಡಲೇ ಕಾಲನ್ನು ಹಿಂತೆಗೆದು ಮಡಿಸುವುದು, ಬಳಿಕ ನೆಲಕ್ಕಿಡುವುದು. ಇದೇ ಅದರ ಕ್ರಮ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಈ ಕಲೆ ಪದಕದ ಕ್ರೀಡೆಯಾಗಿದೆ. ಸ್ಪರ್ಧೆಯಲ್ಲಿ ಮುಂಡಕ್ಕೆ ತಾಗಿದ ಒದೆತಕ್ಕೆ 2 ಅಂಕ, ತಲೆಗೆ ತಾಗಿದ್ದಕ್ಕೆ 3. ಆದ್ದರಿಂದ ಎಳೆಯರ ದೃಷ್ಟಿ ಎತ್ತರದಲ್ಲಿ ನೆಡುವುದು ಸಹಜ. ಶಿಕ್ಷಕರೂ ಅದನ್ನೇ ಹೊಗಳುವುದು ತರವಲ್ಲ. ಆತುರದಿಂದ ಎತ್ತಿದ ಕಾಲು ತೊಡೆಯ ಸ್ನಾಯುವನ್ನು ನೋಯಿಸೀತು. ಹಿಂತೆಗೆಯಲಾರದ ಕಾಲು ಒದೆದವನನ್ನೇ ಕೆಡವೀತು. ಒದೆಯುವಾಗ ದೇಹದ ಭಾರವನ್ನೆಲ್ಲ ಹೊರುವುದು ನಿಂತ ಕಾಲು. ಅದು ಸ್ಥಿರವಾಗಿ, ಎತ್ತಿದ ಕಾಲು ಹಿಡಿತದಲ್ಲಿ ಮರಳುವವರೆಗೆ ಸೊಂಟದ ಎತ್ತರವೇ ಸಾಕು. ಬಲವನ್ನು ಪ್ರಯೋಗಿಸುವಷ್ಟೇ ಶ್ರದ್ಧೆಯಿಂದ ಅದನ್ನು ಹಿಂತೆಗೆದುಕೊಳ್ಳುವುದನ್ನೂ ಕಲಿತಾಗಲೇ ಒದೆತ ವಿದ್ಯೆಯೆನಿಸುತ್ತದೆ.