ದಿನ ಎಣಿಸುವವರು ಯಾರು?

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಶಾಲೆಗಳಲ್ಲಿ ನನ್ನಿಂದ ಪಾಠ ಕೇಳಿದ ಹಲವರು ಇಂದು ಹೊರದೇಶಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ತಂದೆತಾಯಿಗಳು ಸಂತೆಯಲ್ಲಿ ಸಿಕ್ಕಾಗ ಕೇಳುವುದು ಒಂದೇ: "ಸರ್, ಆ ದೇಶದಾಗ ಗದ್ದಲಾ ಏನೂ ಇಲ್ಲಲ್ರೀ?" ಈ ನಾಲ್ಕು ಮಾತು ಅವರಿಗಾಗಿ.

2015ರ ಜುಲೈ 29ರಂದು, ಲಿಬಿಯಾದ ಸಿರ್ತ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ನಾಲ್ವರು ಭಾರತೀಯರು ತಾಯ್ನಾಡಿಗೆ ಹೊರಟಿದ್ದಾಗ ದಾರಿಯಲ್ಲಿ ಅಪಹೃತರಾದರು. ಸಿರ್ತ್ ಆಗ ಐಎಸ್ ಉಗ್ರರ ಹಿಡಿತದಲ್ಲಿತ್ತು. ಇಬ್ಬರು ಕರ್ನಾಟಕದವರು, ಇನ್ನಿಬ್ಬರು ಆಂಧ್ರ ಮತ್ತು ತೆಲಂಗಾಣದವರು. ಜುಲೈ 31ರಂದು ಕರ್ನಾಟಕದ ಇಬ್ಬರು ಬಿಡುಗಡೆಯಾದ ಸುದ್ದಿಯನ್ನು ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ತಿಳಿಸಿದರು. ನಮ್ಮ ಕಟ್ಟೆಯ ಮೇಲೆ "ನಮ್ಮವರು ಪಾರಾದರು" ಎಂಬ ಸಂತೋಷ ಉಕ್ಕಿತು. ಒಂದು ವಾರದೊಳಗೆ ಆ ಮಾತೇ ನಿಂತುಹೋಯಿತು. ಉಳಿದಿಬ್ಬರು ಬಿಡುಗಡೆಯಾದದ್ದು 2016ರ ಸೆಪ್ಟೆಂಬರಿನಲ್ಲಿ. ಹದಿಮೂರು ತಿಂಗಳಿಗೂ ಮಿಗಿಲಾದ ಸೆರೆ!

2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ನಾನಿನ್ನೂ ಸೇವೆಯಲ್ಲಿದ್ದೆ. ಹುಡುಗರು ಕರಿಹಲಗೆಯ ಮೂಲೆಯಲ್ಲಿ ದಿನದ ಸಂಖ್ಯೆ ಬರೆದಿಡುತ್ತಿದ್ದರು. ಅಳಿಸಲು ನನಗೂ ಮನಸ್ಸಾಗುತ್ತಿರಲಿಲ್ಲ. ನೂರೆಂಟು ದಿನ ಎಂಬುದು ಇಂದಿಗೂ ನಾಡಿಗೆಲ್ಲ ಬಾಯಿಪಾಠ. ಸಿರ್ತ್‌ನಲ್ಲಿ ಉಳಿದ ಆ ಇಬ್ಬರ ನಾನೂರಕ್ಕೂ ಹೆಚ್ಚು ದಿನಗಳನ್ನು ಅವರ ಮನೆಯವರ ಹೊರತು ಎಣಿಸಿದವರು ಎಷ್ಟು ಜನ?

ಅಷ್ಟು ಅಪಾಯದ ದೇಶದಲ್ಲಿ ಏಕೆ ಉಳಿದರು ಎಂದು ಕೆಲವರು ಕೇಳುತ್ತಾರೆ. ಲಿಬಿಯಾ ಬಿಟ್ಟು ಬರುವಂತೆ ಭಾರತ ಸರ್ಕಾರ 2014ರಲ್ಲೇ ತನ್ನ ಪ್ರಜೆಗಳಿಗೆ ಸೂಚಿಸಿತ್ತು, ನಿಜ. ಆದರೆ ಸೆರೆಯಲ್ಲಿರುವವನ ವಿವೇಕವನ್ನು ಅಳೆಯಲು ಅದು ಹೊತ್ತಲ್ಲ. ಕಾಯುವ ಮನೆಯವರ ಕೈಯಲ್ಲಿ ಏನಿರುತ್ತದೆ? ಒತ್ತೆಹಣ ಉಗ್ರರ ಕೈ ಸೇರದಂತೆ ತಡೆಯಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2014ರ ಜನವರಿಯಲ್ಲಿ ನಿರ್ಣಯ ಮಾಡಿದೆ. ಒಬ್ಬರಿಗೆ ಹಣ ತೆತ್ತರೆ ಮುಂದಿನ ಅಪಹರಣಕ್ಕೆ ಬಂಡವಾಳ ಕೊಟ್ಟಂತೆ. ಆ ನಿರ್ಣಯವನ್ನು ನಾನು ಒಪ್ಪುತ್ತೇನೆ. ಹಾಗಾದರೆ ಮನೆಯವರಿಗೆ ಉಳಿಯುವುದು ಜನರ ನೆನಪು, ಸರ್ಕಾರದ ಮೇಲಿನ ಒತ್ತಾಯ, ಇವೆರಡೇ. ಅದನ್ನೂ ಭಾಷೆ ನೋಡಿ ಹಂಚಿದರೆ ಹೇಗೆ? ನಮ್ಮ ಹುಕ್ಕೇರಿ ಕಡೆಯವರ ಸೋದರಮಾವಂದಿರು ಗಡಹಿಂಗ್ಲಜದಲ್ಲಿದ್ದಾರೆ. ನಾಳೆ ಅಲ್ಲಿಯ ಹುಡುಗನೊಬ್ಬ ಹೀಗೆ ಸಿಕ್ಕಿಬಿದ್ದರೆ ಅವನು ನಮ್ಮವನೋ, ಮಹಾರಾಷ್ಟ್ರದವನೋ?

ಪರದೇಶದಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿರಿ. ಪಾಸ್‌ಪೋರ್ಟಿನ ನಕಲು, ಕೆಲಸದ ಸ್ಥಳದ ವಿಳಾಸ ಮನೆಯಲ್ಲಿರಲಿ. ಜೊತೆಗೆ ಕೋಣೆಯಲ್ಲಿರುವ ಗೆಳೆಯನ ಊರು, ಅವನ ಮನೆಯ ದೂರವಾಣಿ ಸಂಖ್ಯೆಯನ್ನೂ ಬರೆದು ಕಳುಹಿಸಿರಿ. ಅವನು ಯಾವ ರಾಜ್ಯದವನಾದರೂ ಸರಿ.